ಆಲಿಕಲ್ಲು ಬಿದ್ದ ಮಾಡು: ರಿಪೇರಿಗೆ ಎಷ್ಟಾಗುತ್ತೆ?

ಕಾಫಿ ಬೆಳೆಯುವ ಸೀಮೆಯಲ್ಲಿ ಹೂಮಳೆಗೆ ಕಾಯುವ ದಿನಗಳಲ್ಲೇ ಆಲಿಕಲ್ಲಿನ ಭಯವೂ ಇರುತ್ತದೆ. ಮೂಡಿಗೆರೆ ಕಡೆಯ ನಮ್ಮೂರಲ್ಲಿ ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಹತ್ತು ಹನ್ನೆರಡು ನಿಮಿಷ ಬಿಡದೆ ಬಿತ್ತು. ನಿಂತ ಮೇಲೆ ಅಟ್ಟ ಹತ್ತಿ ನೋಡಿದರೆ ಕಾಳುಮೆಣಸಿನ ಚೀಲದ ಮೇಲೆ ಹೆಂಚಿನ ಚೂರು, ಪಕ್ಕದಲ್ಲೇ ಇನ್ನೂ ಕರಗದ ನಿಂಬೆಗಾತ್ರದ ಆಲಿಕಲ್ಲು. ಅವತ್ತು ಸಂಜೆ ಮನೆಯಲ್ಲಿ ಹಾಕಿದ ಲೆಕ್ಕ ಸರಳವಾಗಿತ್ತು: ಹೆಂಚಿಗೆ ಮೂವತ್ತು ರೂಪಾಯಿ, ಒಡೆದದ್ದು ಇನ್ನೂರು, ಒಟ್ಟು ಆರು ಸಾವಿರ. ಕೊನೆಗೆ ಖರ್ಚಾದದ್ದು 33,100 ರೂಪಾಯಿ. ಲೆಕ್ಕ ಎಲ್ಲಿ ತಪ್ಪಿತು ಎನ್ನುವುದು ಮೊದಲೇ ಗೊತ್ತಿದ್ದರೆ ಸಾಲ ಮಾಡಬೇಕೋ, ಇರುವ ದುಡ್ಡಲ್ಲೇ ಮುಗಿಯುತ್ತದೋ ಎಂದು ತೀರ್ಮಾನಿಸಬಹುದು. ಅದಕ್ಕೇ ಈ ಬರಹ.

ಮೊದಲ ದಿನ ಏಣಿ ಹತ್ತಬೇಡಿ

ಮಳೆ ನಿಂತ ಕೂಡಲೇ ಮಾಡಿಗೆ ಹತ್ತುವುದು ಎಲ್ಲರ ಮೊದಲ ಯೋಚನೆ. ದಯವಿಟ್ಟು ಬೇಡ. ಒದ್ದೆ ಹೆಂಚು, ಅದರ ಮೇಲಿನ ಪಾಚಿ, ಕರಗುತ್ತಿರುವ ಆಲಿಕಲ್ಲು ಮೂರೂ ಸೇರಿದರೆ ಕಾಲು ನಿಲ್ಲುವುದಿಲ್ಲ. ಸಿಮೆಂಟ್ ಶೀಟು ಇನ್ನೂ ಅಪಾಯ. ಕೆಳಗಿನಿಂದ ಚೆನ್ನಾಗಿ ಕಂಡರೂ ಕೂದಲೆಳೆಯಷ್ಟು ಬಿರುಕು ಬಿಟ್ಟ ಶೀಟು ಆಳಿನ ಭಾರಕ್ಕೆ ಥಟ್ಟನೆ ಮುರಿಯುತ್ತದೆ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅಟ್ಟದ ಮೇಲೆ ಹಾದುಹೋದ ವೈರು ನೆನೆದಿರುತ್ತದೆ. ನೀರು ಸೋರುವ ಕಡೆ ಪಾತ್ರೆ ಇಟ್ಟು, ಅಕ್ಕಿ, ಮೆಣಸು, ಕಾಗದಪತ್ರಗಳನ್ನು ಒಣಗಿದ ಜಾಗಕ್ಕೆ ಸಾಗಿಸಿ. ಆಮೇಲೆ ಮೊಬೈಲ್ ಹಿಡಿದು ಫೋಟೊ ತೆಗೆಯಿರಿ: ಅಂಗಳದಲ್ಲಿ ಬಿದ್ದ ಆಲಿಕಲ್ಲಿನ ಪಕ್ಕ ಒಂದು ನಾಣ್ಯವಿಟ್ಟು ಒಂದು, ಮನೆ ಪೂರ್ತಿ ಕಾಣುವಂತೆ ನಾಲ್ಕು ದಿಕ್ಕಿನಿಂದ, ಒಳಗಿನಿಂದ ಬೆಳಕು ಕಾಣುವ ತೂತುಗಳು, ನೆನೆದ ಗೋಡೆ. ಒಡೆದ ಚೂರುಗಳನ್ನು ಗುಡಿಸಿ ಎಸೆಯಬೇಡಿ. ಅಧಿಕಾರಿಯೋ ವಿಮೆಯ ಸರ್ವೇಯರೋ ಬರುವವರೆಗೆ ಒಂದು ಮೂಲೆಯಲ್ಲಿ ರಾಶಿ ಹಾಕಿಡಿ.

ಮರುದಿನ ಬಿಸಿಲು ಬಿದ್ದು ಮಾಡು ಒಣಗಿದ ಮೇಲೆ, ರೂಢಿಯಿರುವವರನ್ನು ಕರೆದು ಟಾರ್ಪಾಲು ಹೊದಿಸಿ. ಅಗ್ಗದ ಪ್ಲಾಸ್ಟಿಕ್ ಹಾಳೆ ಎರಡು ಗಾಳಿಗೆ ಹರಿಯುತ್ತದೆ. ನಾನು ದಪ್ಪನೆಯ ಟಾರ್ಪಾಲು ಎರಡಕ್ಕೆ 2,800 ರೂಪಾಯಿ ಕೊಟ್ಟೆ. ಕೆಲಸ ಮುಗಿದ ಮೇಲೆ ಅದೇ ಕಣಕ್ಕೂ ಬಂತು.

ತಟ್ಟಿ ನೋಡಿ, ಎಣಿಸಿ, ಬರೆದಿಡಿ

ಎಲ್ಲರೂ ಎಡವುವುದು ಇಲ್ಲೇ. ಮನೆಯ ವಿಸ್ತೀರ್ಣ ಬೇರೆ, ಮಾಡಿನ ವಿಸ್ತೀರ್ಣ ಬೇರೆ. ಇಪ್ಪತ್ತಕ್ಕೆ ಮೂವತ್ತು ಅಡಿಯ ಮನೆ ಎಂದರೆ 600 ಚದರಡಿ. ಸುತ್ತಲೂ ಎರಡೂವರೆ ಅಡಿ ಸೂರು ಇಳಿದರೆ 25ಕ್ಕೆ 35, ಅಂದರೆ 875. ಇಳಿಜಾರು ಸುಮಾರು ಮೂವತ್ತು ಡಿಗ್ರಿ ಇದ್ದರೆ ಅದನ್ನು 1.15ರಿಂದ ಗುಣಿಸಬೇಕು. ಸಾವಿರ ಚದರಡಿ ಮುಟ್ಟಿತು! ನೂರು ಚದರಡಿಗೆ ಸುಮಾರು 150 ಮಂಗಳೂರು ಹೆಂಚಿನ ಲೆಕ್ಕದಲ್ಲಿ ಆ ಪುಟ್ಟ ಮನೆಯ ಮೇಲೆ ಕೂತಿರುವುದು ಸಾವಿರದ ಐನೂರು ಹೆಂಚು.

ಇನ್ನು ಒಡೆದದ್ದರ ಎಣಿಕೆ. ನಮ್ಮ ಮನೆಯಲ್ಲಿ ಕಣ್ಣಿಗೆ ಕಂಡದ್ದು 190. ಹೆಂಚು ಹೊದಿಸಲು ಬಂದ ಮೇಸ್ತ್ರಿ ನನ್ನ ಎಣಿಕೆ ಕೇಳಿ ಏನೂ ಹೇಳಲಿಲ್ಲ. ಒಂದು ಹೆಂಚು ಎತ್ತಿ, ಒಂದು ಕೈಯಲ್ಲಿ ತೂಗುಹಾಕಿದಂತೆ ಹಿಡಿದು, ಬೆರಳಿನ ಗೆಣ್ಣಿನಿಂದ ತಟ್ಟಿದರು. ಕಣ್ ಎಂದಿತು. ಇನ್ನೊಂದನ್ನು ತಟ್ಟಿದರು. ಬೊದ್ ಎಂದು ಸತ್ತ ಸದ್ದು. ನೋಡಲು ಎರಡೂ ಒಂದೇ. ಎರಡನೆಯದನ್ನು ಬಿಸಿಲಿಗೆ ಓರೆ ಮಾಡಿ ಹಿಡಿದಾಗ ಅಡಿಭಾಗದಲ್ಲಿ ಜೇಡನ ಎಳೆಯಂಥ ಗೆರೆ ಕಂಡಿತು. “ಇದು ಈ ಮಳೆಗಾಲ ತಡೀಬಹುದು ಸಾರ್, ಮುಂದಿನದಕ್ಕೆ ಇಲ್ಲ” ಎಂದರು. ಹಾಗೆ ತಟ್ಟುತ್ತಾ ಹೋದಂತೆ ಇನ್ನೂ 110 ಸಿಕ್ಕವು. ಒಟ್ಟು 300. ಸಾಗಾಟದಲ್ಲಿ, ಹೊದಿಸುವಾಗ ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿ 330 ತರಿಸಬೇಕಾಯಿತು.

ಒಡೆದದ್ದರಲ್ಲಿ ಕೊಂಚ ಪೂರ್ತಿಯಾಗಿರುವ ಒಂದು ಹೆಂಚನ್ನು ಅಂಗಡಿಗೆ ಒಯ್ಯುವುದನ್ನು ಮರೆಯಬೇಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯುದ್ದಕ್ಕೂ ಅನೇಕ ಕಾರ್ಖಾನೆಗಳು ಎದ್ದವು, ಅಚ್ಚುಗಳೂ ಬೇರೆಬೇರೆಯಾದವು. ಕಾಲಿಂಚು ವ್ಯತ್ಯಾಸವಿದ್ದರೂ ಒಂದರ ತೋಡು ಇನ್ನೊಂದರ ಏಣಿಗೆ ಕೂರುವುದಿಲ್ಲ, ನೀರು ಒಳಗಿಳಿಯುತ್ತದೆ. ಹೆಂಚಿನ ಮೇಲೆ ಒತ್ತಿರುವ ಕಾರ್ಖಾನೆಯ ಹೆಸರು ನೋಡಿಕೊಳ್ಳಿ. ಅದೇ ಜಾತಿ ಸಿಗದಿದ್ದರೆ ಹೊಸದನ್ನು ಅಲ್ಲಲ್ಲಿ ತೂರಿಸಬಾರದು. ಹಿಂಬದಿಯ ಮಾಡಿನ ಒಂದು ಭಾಗದಿಂದ ಹಳೆಯ ಗಟ್ಟಿ ಹೆಂಚುಗಳನ್ನು ಬಿಚ್ಚಿ ತೂತುಗಳಿಗೆ ಹಾಕಿ, ಖಾಲಿಯಾದ ಆ ಭಾಗಕ್ಕೆ ಹೊಸದನ್ನು ಸಾಲಾಗಿ ಹೊದಿಸಿ. ಒಂದು ದಿನದ ಕೂಲಿ ಹೆಚ್ಚಾದೀತು, ಸೋರಿಕೆ ತಪ್ಪುತ್ತದೆ.

ಬಿಲ್ಲು ಬೆಳೆಯುವ ಬಗೆ

ನನ್ನ ನೋಟ್‌ಬುಕ್ಕಿನ ಲೆಕ್ಕವನ್ನೇ ಕೊಡುತ್ತೇನೆ. ದರಗಳು ಊರಿಂದ ಊರಿಗೆ ಬದಲಾಗುತ್ತವೆ. ನಿಮ್ಮ ಊರಿನ ದರ ಹಾಕಿಕೊಳ್ಳಿ, ಬಾಬ್ತುಗಳು ಮಾತ್ರ ಇವೇ. 330 ಹೆಂಚು, ತಲಾ 32 ರೂಪಾಯಿಯಂತೆ 10,560. ಲಾರಿ ಬಾಡಿಗೆ, ಇಳಿಸುವ ಕೂಲಿ 2,600. ಇಬ್ಬರು ಮೇಸ್ತ್ರಿಗಳಿಗೆ ಮೂರು ದಿನಕ್ಕೆ 6,600. ಇಬ್ಬರು ಆಳುಗಳಿಗೆ 4,500. ಹೆಂಚು ತೆಗೆದಾಗ ಗೆದ್ದಲು ಹಿಡಿದ ರೀಪು ಕಂಡವು. 120 ಅಡಿಗೆ 2,640. ಮಾಡಿನ ನೆತ್ತಿಯ ಹೆಂಚು ಕೂರಿಸಲು ಸಿಮೆಂಟು, ಮರಳು, ಹೆಂಚು ಸೇರಿ 3,000. ಮೊಳೆ ಮುಂತಾದ ಚಿಲ್ಲರೆ 400. ಮೇಲೆ ಹೇಳಿದ ಟಾರ್ಪಾಲು 2,800. ಒಟ್ಟು 33,100.

ಹೆಂಚಿನ ಬೆಲೆ ಇದರಲ್ಲಿ ಮೂರರಲ್ಲೊಂದು ಪಾಲೂ ಇಲ್ಲ. ಅಂಗಡಿಯಲ್ಲಿ 32 ರೂಪಾಯಿಯ ಹೆಂಚು ಮಾಡಿನ ಮೇಲೆ ಕೂರುವಷ್ಟರಲ್ಲಿ 110 ರೂಪಾಯಿ ಆಗಿತ್ತು. ಆದ್ದರಿಂದ ಉಳಿತಾಯವಾಗುವುದು ಹೆಂಚಿನ ದರದಲ್ಲಿ ಎರಡು ರೂಪಾಯಿ ಚೌಕಾಸಿ ಮಾಡಿದರೆ ಅಲ್ಲ. ನಾಲ್ಕು ಮನೆಯವರು ಸೇರಿ ಒಂದೇ ಲೋಡು ತರಿಸಿದರೆ ಬಾಡಿಗೆ ಹಂಚಿಹೋಗುತ್ತದೆ. ಮನೆಮಂದಿ ಹೆಂಚನ್ನು ಕೈಯಿಂದ ಕೈಗೆ ದಾಟಿಸಿದರೆ ಒಬ್ಬ ಆಳಿನ ಕೂಲಿ ಉಳಿಯುತ್ತದೆ. ರೀಪಿನ ಸ್ಥಿತಿಯನ್ನು ಅಟ್ಟದಿಂದಲೇ ಚಾಕುವಿನ ಮೊನೆ ಚುಚ್ಚಿ ಮೊದಲೇ ಪರೀಕ್ಷಿಸಿದರೆ, ಕೆಲಸದ ನಡುವೆ ಮರಕ್ಕೆ ಕಾಯುತ್ತಾ ಮೇಸ್ತ್ರಿಯ ಅರ್ಧ ದಿನ ಹಾಳಾಗುವುದಿಲ್ಲ.

ಆಲಿಕಲ್ಲು ಇಡೀ ಹೋಬಳಿಗೆ ಬಿದ್ದಿರುತ್ತದೆ, ಹಾಗಾಗಿ ಮೇಸ್ತ್ರಿಗಳಿಗೆ ಎಲ್ಲಿಲ್ಲದ ಬೇಡಿಕೆ. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಸಾಮಾನಿನ ಹಣವನ್ನು ಅಂಗಡಿಗೇ ನೇರ ಕೊಟ್ಟು ಬಿಲ್ಲು ಪಡೆಯಿರಿ. ಕೂಲಿಯನ್ನು ದಿನದಿನಕ್ಕೆ ಕೊಡಿ. ಜೂನ್ ಮೊದಲ ವಾರಕ್ಕೆ ಮುಂಗಾರು ಬರುತ್ತದೆ, ಅದಕ್ಕೂ ಹದಿನೈದು ದಿನ ಮೊದಲೇ ಕೆಲಸ ಮುಗಿಯುವಂತೆ ದಿನ ಗೊತ್ತು ಮಾಡಿಕೊಳ್ಳಿ.

ಶೀಟು, ತಾರಸಿ

ಒಡೆದ ಸಿಮೆಂಟ್ ಶೀಟನ್ನು ಅಂಟಿಸಿ ಉಳಿಸಲಾಗದು. ಡಾಂಬರಿನ ಪಟ್ಟಿ ಬಿರುಕನ್ನು ಒಂದು ಮಳೆಗಾಲ ಮುಚ್ಚೀತು, ಅಷ್ಟೇ. ಒಂದು ಶೀಟು ಬದಲಿಸಲು ಅಕ್ಕಪಕ್ಕದವುಗಳ ಬೋಲ್ಟೂ ಸಡಿಲಿಸಬೇಕು, ಆಗ ಅವೂ ಒಡೆಯುವುದುಂಟು. ಅಂದಾಜಿನಲ್ಲಿ ಒಂದೆರಡು ಹೆಚ್ಚಿಗೆ ಹಿಡಿಯಿರಿ. ಹಳೆಯ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಚೂರು ಮಾಡದೆ ಇಳಿಸಿ. ಗ್ರೈಂಡರ್ ಹಾಕಿ ಕೊಯ್ಯಲು ಬಿಡಬೇಡಿ, ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಮೇಲೆ ಹತ್ತುವವರು ಶೀಟಿನ ಮೇಲೆ ಕಾಲಿಡದೆ, ಅಡ್ಡ ತೊಲೆಗಳ ಮೇಲೆ ಹಲಗೆ ಹಾಸಿ ನಡೆಯಬೇಕು.

ಬಣ್ಣದ ತಗಡಿನ ಶೀಟಿಗೆ ಆಲಿಕಲ್ಲು ಬಿದ್ದರೆ ಗುಳಿ ಬೀಳುತ್ತದೆ. ಗುಳಿ ಬಿದ್ದ ಮಾತ್ರಕ್ಕೆ ಸೋರುವುದಿಲ್ಲ. ಬಣ್ಣ ಕಿತ್ತು ಲೋಹ ಕಂಡ ಕಡೆ ತುಕ್ಕು ತಡೆಯುವ ಪೇಂಟು, ಸಡಿಲವಾದ ಸ್ಕ್ರೂಗಳಿಗೆ ಹೊಸ ರಬ್ಬರ್ ವಾಷರ್ ಹಾಕಿದರೆ ಸಾಕು. “ಎಲ್ಲಾ ತೆಗೆದು ಹೊಸದು ಹಾಕೋಣ” ಎನ್ನುವವರ ಮಾತಿಗೆ ತಲೆಯಾಡಿಸುವ ಮುನ್ನ ಒಂದು ಬಕೆಟ್ ನೀರು ಹೊಯ್ದು ಪರೀಕ್ಷಿಸಿ. ಹೊಸದೇ ಬೇಕಾದರೆ ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳಿ. ಆ ದಪ್ಪ ಬಣ್ಣ ಸೇರಿಯೋ ಬಿಟ್ಟೋ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ತಾರಸಿ ಮನೆಯವರು ನೀರು ಹೋಗುವ ಕೊಳವೆಯ ಬಾಯಿ ನೋಡಬೇಕು. ಎಲೆ, ಆಲಿಕಲ್ಲು ಸೇರಿ ಅದು ಕಟ್ಟಿಕೊಂಡಿರುತ್ತದೆ. ಸೋಲಾರ್ ವಾಟರ್ ಹೀಟರಿನ ಗಾಜಿನ ಕೊಳವೆಗಳಲ್ಲಿ ಒಡೆದದ್ದನ್ನಷ್ಟೇ ಬದಲಿಸಬಹುದು.

ಪರಿಹಾರ ಮತ್ತು ವಿಮೆ

ಆಲಿಕಲ್ಲು ಮಳೆ ರಾಜ್ಯ ವಿಪತ್ತು ಪರಿಹಾರ ನಿಧಿಯಡಿ ಬರುವ ವಿಪತ್ತು. 2022ರಿಂದ 26ರವರೆಗಿನ ಕೇಂದ್ರದ ಮಾರ್ಗಸೂಚಿಯಂತೆ, ಮನೆಗೆ ಕನಿಷ್ಠ ಶೇ. 15ರಷ್ಟು ಹಾನಿಯಾಗಿದ್ದರೆ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಮನೆಗೆ ಹೊಂದಿದ ಕೊಟ್ಟಿಗೆಗೆ 3,000. ನಮ್ಮ ಬಿಲ್ಲಿನ ಐದರಲ್ಲೊಂದು ಪಾಲೂ ಇದರಿಂದ ತುಂಬುವುದಿಲ್ಲ, ಆದರೂ ಬಿಡಬಾರದು. ಶೇಕಡಾವಾರು ಇಡೀ ಮನೆಗೆ ಸಂಬಂಧಿಸಿದ್ದು. ಹಾಗಾಗಿ ಹೆಂಚಿನ ಜೊತೆಗೆ ನೆನೆದ ಗೋಡೆ, ಹಾಳಾದ ಮರ ಎಲ್ಲವೂ ಮಹಜರಿನಲ್ಲಿ ಬರಬೇಕು. ಗ್ರಾಮ ಆಡಳಿತ ಅಧಿಕಾರಿಗೆ ಅಂದೇ ತಿಳಿಸಿ, ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆದು, ಫೋಟೊ, ಮನೆಯ ಖಾತೆ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಲಗತ್ತಿಸಿ. ತಟ್ಟಿ ಎಣಿಸಿದ ಪಟ್ಟಿಯನ್ನೂ ಜೊತೆಗಿಡಿ. ಕೆಳಗೆ ನಿಂತು ನೋಡುವವರಿಗೆ ಬಿರುಕು ಬಿಟ್ಟ 110 ಹೆಂಚು ಕಾಣುವುದಿಲ್ಲ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.

ಗೃಹಸಾಲ ಇರುವವರು ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ; ಸಾಲದ ಜೊತೆ ಮನೆಗೆ ವಿಮೆ ಮಾಡಿಸಿರುವುದು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬಿರುಗಾಳಿಯ ಹಾನಿಗೆ ರಕ್ಷಣೆ ಇದೆ. ಆಲಿಕಲ್ಲಿನ ಹಾನಿಯೂ ಸೇರುತ್ತದೆಯೇ ಎಂದು ಕೊಳ್ಳುವಾಗಲೇ ಬರಹದಲ್ಲಿ ಕೇಳಿ. ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಿ, ಸರ್ವೇಯರ್ ನೋಡುವವರೆಗೆ ಟಾರ್ಪಾಲು ಹೊದಿಸುವಂಥ ತುರ್ತು ಕೆಲಸ ಮಾತ್ರ ಮಾಡಿ, ಅದರ ಬಿಲ್ಲೂ ಇಟ್ಟುಕೊಳ್ಳಿ. ಕಂಪನಿ ಸತಾಯಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಅಲ್ಲಿ ಶುಲ್ಕವಿಲ್ಲ.

ಮೇಸ್ತ್ರಿ ಹೊರಡುವ ಮುನ್ನ

ಕೊನೆಯ ದಿನ ನಡುಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಅಟ್ಟದಲ್ಲಿ ಐದು ನಿಮಿಷ ಕೂತು ನೋಡಿ. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಬೆಳಕಿನ ಚುಕ್ಕಿ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ರೀಪಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಮೇಸ್ತ್ರಿ ಇರುವಾಗಲೇ ಸರಿಪಡಿಸಿ. ನಮ್ಮಲ್ಲಿ ಏಳು ಚುಕ್ಕಿ ಕಂಡವು, ಅರ್ಧ ಗಂಟೆಯ ಕೆಲಸ. ಉಳಿದ ಹೆಂಚುಗಳನ್ನು ಮಲಗಿಸಿ ಪೇರಿಸದೆ ಕೊಟ್ಟಿಗೆಯ ಹಿಂಬದಿ ಗೋಡೆಗೆ ನಿಲ್ಲಿಸಿಟ್ಟಿದ್ದೇನೆ, ಇಪ್ಪತ್ತೆರಡು ಇವೆ. ಹೋದ ವರ್ಷ ಒಣ ತೆಂಗಿನ ಗರಿ ಬಿದ್ದು ಮೂರು ಹೆಂಚು ಒಡೆದಾಗ ಅಲ್ಲಿಂದಲೇ ತೆಗೆದು ಹಾಕಿದೆವು.