ಪೈಠಣದ ದಾರಿಯಲ್ಲಿ ಮೊದಲ ಮುತ್ತುಗ

ವಿದ್ಯಾರ್ಥಿಗಳೆ, 'ವಸಂತದ ಮೊದಲ ಹೂ' ಎಂದೊಡನೆ ನಿಮ್ಮಲ್ಲಿ ಹಲವರು ನೆಲವನ್ನು ನೋಡುತ್ತೀರಿ. ಹಿಮ ಕರಗಿದ ಮಣ್ಣಿನಿಂದ ಪುಟ್ಟ ಹೂಗಳು ತಲೆಯೆತ್ತುವ ವರ್ಣನೆಯನ್ನು ಇಂಗ್ಲಿಷ್ ಪಾಠಗಳಲ್ಲಿ ಓದಿದುದರ ಫಲವಿದು. ಆ ಶೀತದೇಶಗಳ ಮಟ್ಟಿಗೆ ಅದು ನಿಜ. ನಮ್ಮ ದಖ್ಖಣದಲ್ಲಾದರೋ ಮಾಘ ಮುಗಿಯುವಷ್ಟರಲ್ಲಿ ಮಳೆ ನಿಂತು ನಾಲ್ಕು ತಿಂಗಳಾಗಿ, ಕಪ್ಪು ನೆಲ ಬಿರುಕು ಬಿಟ್ಟಿರುತ್ತದೆ. ನೆಲದ ಹೂಗಿಡಗಳು ಬಹುಮಟ್ಟಿಗೆ ಶ್ರಾವಣ ಭಾದ್ರಪದಗಳಲ್ಲಿಯೇ ಅರಳಿ, ಬೀಜವುದುರಿಸಿ, ಒಣಗಿಹೋಗಿರುತ್ತವೆ. ಆದುದರಿಂದ ಇಲ್ಲಿ ವಸಂತದ ಕಾಡುಹೂವನ್ನು ಹುಡುಕುವವರು ತಲೆಯೆತ್ತಿ ಮರವನ್ನು ನೋಡಬೇಕು.

ಛತ್ರಪತಿ ಸಂಭಾಜಿನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಗೋದಾವರಿಯ ದಡದ ಮೇಲೆ ಪೈಠಣವಿದೆ. ಫಾಲ್ಗುಣ ಬಹುಳ ಷಷ್ಠಿಯಂದು ಅಲ್ಲಿ ಸಂತ ಏಕನಾಥರ ಜಾತ್ರೆ. ಜಾತ್ರೆಯವರೆಗೆ ಕಾದರೆ ಹೂವು ಮುಗಿಯುತ್ತ ಬಂದಿರುತ್ತದೆ. ಮೊದಲ ಹೂ ಬೇಕಾದವರು ಮಾಘದ ಕೊನೆಗೇ ಹೊರಡುವುದು ಮೇಲು. ಹೊಲದ ಬದುವಿನಲ್ಲೋ ಕುರುಚಲು ದಿಬ್ಬದ ಮೇಲೋ ಎಲೆಯಿಲ್ಲದ ಸೊಟ್ಟ ಮರವೊಂದು ಕೆಂಡದಂತೆ ಹೊಳೆಯುತ್ತಿದ್ದರೆ ಅದೇ ಮುತ್ತುಗ. ಮರಾಠಿಯಲ್ಲಿ ಪಳಸ, ಸಂಸ್ಕೃತದಲ್ಲಿ ಪಲಾಶ, ಕಿಂಶುಕ. ಬಾಗಿದ ಎಸಳನ್ನು ಕಂಡು 'ಇದೇನು ಗಿಳಿಯೋ' ಎಂದು ಕೇಳಿದಂತಿದೆ ಆ ಕೊನೆಯ ಹೆಸರು.

ನಗರದ ನಮ್ಮ ಮಕ್ಕಳಿಗೆ ಪಳಸ ಗೊತ್ತು, ಮುತ್ತುಗ ಗೊತ್ತಿಲ್ಲ. ಮನೆಯ ಅಜ್ಜಿಯನ್ನು ಕೇಳಿ ನೋಡಿ: ಮುತ್ತಲ ಎಲೆಯ ಪತ್ರಾವಳಿಯಲ್ಲಿ ಉಂಡ ಮದುವೆಗಳನ್ನು ಆಕೆ ಎಣಿಸಿಯಾಳು. ಹೆಸರು ಮರೆತುಹೋದರೆ ಅದೇ ಮರ ಆಕೆಗೊಂದು, ನಿಮಗೊಂದು ಆಗಿಬಿಡುತ್ತದೆ.

ಬಿಸಿಲಿನಲ್ಲಿ ಎಲೆಗಳ ಮೂಲಕ ನೀರು ಆವಿಯಾಗಿ ಹೋಗುವುದರಿಂದ ಮರವು ಅವನ್ನು ಉದುರಿಸುತ್ತದೆ. ಎಲೆಯ ಮರೆಯಿಲ್ಲದ ಹೂವು ದೂರದ ಹಕ್ಕಿಗೂ ಕಾಣುತ್ತದೆ. ಮೈನಾ, ಸೂರಕ್ಕಿಗಳು ಮಕರಂದಕ್ಕೆ ಕೊಕ್ಕಿಟ್ಟಾಗ ಪರಾಗವು ಮೈಗೆ ಮೆತ್ತಿ ಮುಂದಿನ ಹೂವನ್ನು ಸೇರುತ್ತದೆ. ಮುಂದೆ ಬೇಸಗೆಯಲ್ಲಿ, ಒಂದೇ ಬೀಜವುಳ್ಳ ಹಗುರವಾದ ಕಾಯಿ ಗಾಳಿಗೆ ಹಾರಿ ಮುಂಗಾರಿನ ಮುನ್ನ ನೆಲ ಮುಟ್ಟುತ್ತದೆ. ಎಷ್ಟು ಸರಿಯಾದ ಲೆಕ್ಕ!

ಪೈಠಣವೇ ಶಾತವಾಹನರ ಪ್ರತಿಷ್ಠಾನ. ಹಾಲರಾಜನ ಹೆಸರಿನಲ್ಲಿರುವ ಪ್ರಾಕೃತ 'ಗಾಥಾಸಪ್ತಶತಿ'ಯಲ್ಲಿ ಈ ಹೂವಿನ ಮಾತು ಬರುತ್ತದೆ. 9ನೆಯ ಶತಮಾನದ ನಮ್ಮ 'ಕವಿರಾಜಮಾರ್ಗ'ವು ಕನ್ನಡನಾಡಿನ ಉತ್ತರದ ಎಲ್ಲೆಯಾಗಿ ಹೇಳಿದುದೂ ಇದೇ ಗೋದಾವರಿಯನ್ನು. ಗಡಿಯ ವಾದಕ್ಕಾಗಿ ಇದನ್ನು ಹೇಳುತ್ತಿಲ್ಲ. ಈ ದಡದಲ್ಲಿ ನಿಂತು 'ಮುತ್ತುಗ' ಎನ್ನುವುದಕ್ಕೆ ನೀವು ಸಂಕೋಚಪಡಬೇಕಿಲ್ಲ ಎಂದಷ್ಟೇ.

ನೆಲದಲ್ಲಿ ಹೂವೇ ಇಲ್ಲವೆಂದಲ್ಲ. 1976ರಲ್ಲಿ ಉದ್ಘಾಟನೆಗೊಂಡ ಜಾಯಕವಾಡಿ ಅಣೆಕಟ್ಟಿನ ನಾಥಸಾಗರದ ನೀರು ಹಿಂದೆ ಸರಿದಂತೆ, ಹಸಿ ಅಂಚಿನಲ್ಲಿ ಜಲಪಿಪ್ಪಲಿಯಂಥ ಸಸ್ಯಗಳು ನೆಲಕ್ಕಂಟಿಕೊಂಡು ಸಣ್ಣ ಹೂಬಿಡಬಲ್ಲವು. ಅದು ಪಕ್ಷಿಧಾಮ, ಕೆಸರೂ ಆಳ, ಹಿರಿಯರಿಲ್ಲದೆ ಇಳಿಯತಕ್ಕದ್ದಲ್ಲ.

ಮೊದಲ ಹೂ ಕಂಡ ದಿನಾಂಕ, ಸ್ಥಳ, ಬಂದ ಹಕ್ಕಿ ಇಷ್ಟನ್ನು ಬರೆದಿಡಿ. ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿರಿ. ಕೊಂಬೆ ಮುರಿಯದೆ, ಬಿದ್ದ ಹೂಗಳನ್ನಷ್ಟೇ ಆಯ್ದು ತನ್ನಿ. ನೀರಿನಲ್ಲಿ ಕುದಿಸಿದರೆ ರಂಗಪಂಚಮಿಗೆ ಕಿತ್ತಳೆ ಬಣ್ಣ ಸಿದ್ಧ.