ಮೊದಲ ಬಾಗಿಲು ಯಾವುದು? ‘ನ್ಯಾಯಾಂಗ ವ್ಯವಸ್ಥೆ’ ಪಾಠವನ್ನು ಕೆಳಗಿನಿಂದ ಕಲಿಸಿದ ಒಂದು ಅನುಭವ

ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ‘ನ್ಯಾಯಾಂಗ ವ್ಯವಸ್ಥೆ’ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಕಲಿಸುತ್ತಾರೆ. ಕಪ್ಪುಹಲಗೆಯ ಮೇಲೆ ಒಂದು ಪಿರಮಿಡ್ಡು. ತುದಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ನಡುವೆ ಉಚ್ಚ ನ್ಯಾಯಾಲಯ, ತಳದಲ್ಲಿ ಅಧೀನ ನ್ಯಾಯಾಲಯಗಳು. ನ್ಯಾಯಾಧೀಶರ ಅರ್ಹತೆ, ನಿವೃತ್ತಿ ವಯಸ್ಸು, ನ್ಯಾಯಾಲಯದ ಅಧಿಕಾರ ವ್ಯಾಪ್ತಿ. ಕೊನೆಯ ಐದು ನಿಮಿಷ ಲೋಕ ಅದಾಲತ್ತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮನೆಯಲ್ಲಿ ತೊಂದರೆ ಬಂದ ದಿನ ಮಗುವಿಗಾಗಲಿ ಅದರ ತಾಯಿಗಾಗಲಿ ಪಿರಮಿಡ್ಡಿನ ತುದಿ ಬೇಕಾಗಿರುವುದಿಲ್ಲ. ಯಾವ ಬಾಗಿಲು ತಟ್ಟಬೇಕು, ಕೈಯಲ್ಲಿ ಯಾವ ಕಾಗದ ಇರಬೇಕು ಎಂಬುದು ಬೇಕಾಗಿರುತ್ತದೆ.

ಈ ಯೋಚನೆಯಿಂದ, ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಚಾಮರಾಜಪೇಟೆಯ ಒಂದು ಪ್ರೌಢಶಾಲೆಯಲ್ಲಿ ಈ ಪಾಠವನ್ನು ಕೆಳಗಿನಿಂದ ಮೇಲಕ್ಕೆ ಕಲಿಸಲು ಒಬ್ಬ ಪ್ರಶಿಕ್ಷಣಾರ್ಥಿಗೆ ಸೂಚಿಸಿದೆ. ಪಾಠ ಚೆನ್ನಾಗಿ ನಡೆಯಿತು. ಆದರೆ ಅದರಲ್ಲಿ ಒಂದು ತಪ್ಪು ಉತ್ತರವೂ ಹೊರಬಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದ ನಾನೂ ಅದನ್ನು ಗುರುತಿಸಲಿಲ್ಲ. ಆ ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಮಗುವಿನ ಮನೆಯವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪಾಠದ ಯೋಜನೆ

ಉದ್ದೇಶಗಳು ಮೂರೇ ಇದ್ದವು. ಪಾಠದ ಕೊನೆಗೆ ವಿದ್ಯಾರ್ಥಿಯು (1) ಒಂದು ಪ್ರಸಂಗವನ್ನು ಓದಿ ಅದು ಕುಟುಂಬದ ವಿಷಯವೋ, ಆಸ್ತಿಯ ವಿಷಯವೋ, ಅಪರಾಧದ ವಿಷಯವೋ ಎಂದು ವಿಂಗಡಿಸುವನು. (2) ಪ್ರತಿಯೊಂದಕ್ಕೂ ಮೊದಲು ಹೋಗಬೇಕಾದ ಸ್ಥಳವನ್ನು ಹೇಳುವನು. (3) ಉಚಿತ ಕಾನೂನು ನೆರವು ಯಾರಿಗೆ ಸಿಗುತ್ತದೆ ಎಂದು ವಿವರಿಸುವನು.

ತೊಡಗಿಸಿಕೊಳ್ಳುವ ಹಂತದಲ್ಲಿ ಒಂದೇ ಪ್ರಶ್ನೆ: “ನಿಮ್ಮ ಬೀದಿಯಲ್ಲಿ ಜಗಳವಾದರೆ ಜನ ಮೊದಲು ಎಲ್ಲಿಗೆ ಹೋಗ್ತಾರೆ?” ‘ಪೊಲೀಸ್ ಸ್ಟೇಷನ್ನಿಗೆ’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ಈ ಉತ್ತರವನ್ನೇ ಹಲಗೆಯ ಮೇಲೆ ಬರೆದು, ಇದು ಯಾವಾಗ ಸರಿ, ಯಾವಾಗ ಸಾಲದು ಎಂದು ಹುಡುಕುವುದೇ ಪಾಠವಾಯಿತು.

ಅನ್ವೇಷಣೆಗೆ ಐದು ಗುಂಪುಗಳಿಗೆ ಐದು ಚೀಟಿ ಕೊಡಲಾಯಿತು.

ಒಂದು: ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುವಾಗ ಅಮ್ಮನ ಸರ ಕಿತ್ತುಕೊಂಡು ಹೋದರು. ಮನೆ ಹತ್ತಿರದ ಠಾಣೆಯಲ್ಲಿ ‘ಇದು ನಮ್ಮ ಸರಹದ್ದಲ್ಲ’ ಎನ್ನುತ್ತಾರೆ.

ಎರಡು: ಮಲ್ಲೇಶ್ವರದಲ್ಲಿ ಕೆಲಸ ಮಾಡುವ ಅಣ್ಣನನ್ನು ರಾತ್ರಿ ಪೊಲೀಸರು ಕರೆದುಕೊಂಡು ಹೋದರು. ಏಕೆಂದು ಮನೆಯವರಿಗೆ ಗೊತ್ತಿಲ್ಲ.

ಮೂರು: ಪಕ್ಕದ ಮನೆಯ ಅಕ್ಕನನ್ನು ಗಂಡ ಹೊಡೆದು ಮನೆಯಿಂದ ಹೊರಗೆ ಹಾಕಿದ್ದಾನೆ.

ನಾಲ್ಕು: ಬಸವನಗುಡಿಯ ಅಜ್ಜ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟರು. ಈಗ ಮಗ ಊಟ, ಔಷಧಿ ನೋಡಿಕೊಳ್ಳುತ್ತಿಲ್ಲ.

ಐದು: ತವರು ಮನೆ ಮಾರಬೇಕು, ಬಂದು ಸಹಿ ಹಾಕು ಎಂದು ಅಣ್ಣತಮ್ಮಂದಿರು ತಂಗಿಯನ್ನು ಕರೆಯುತ್ತಿದ್ದಾರೆ.

ಈ ಬಡಾವಣೆಗಳ ಮಕ್ಕಳಿಗೆ ನಾಲ್ಕು, ಐದನೆಯ ಚೀಟಿಗಳು ಹೊಸವಲ್ಲ. 1892ರಲ್ಲಿ ಹುಟ್ಟಿದ ಚಾಮರಾಜಪೇಟೆ, 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮೂರು ನಾಲ್ಕು ತಲೆಮಾರು ಕಂಡ ಮನೆಗಳಿವೆ. ಒಂದು ಖಾತಾ, ಹತ್ತು ಜನ ವಾರಸುದಾರರು. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಮಾತು ಬಂದಾಗ ಎಲ್ಲರ ಸಹಿಯೂ ಬೇಕಾಗುತ್ತದೆ.

ವಿವರಣೆಯ ಹಂತ

ಗುಂಪುಗಳು ತಮ್ಮ ಉತ್ತರ ಹೇಳಿದ ಮೇಲೆ ಪ್ರಶಿಕ್ಷಣಾರ್ಥಿ ಒಂದೊಂದನ್ನೂ ತಿದ್ದುತ್ತಾ ಹೋದರು.

ಮೊದಲನೆಯದರಲ್ಲಿ ಪೊಲೀಸ್ ಠಾಣೆಯೇ ಸರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲೇ ನಡೆದಿದ್ದರೂ ಇಂಥ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ದಾಖಲಿಸಿಕೊಳ್ಳಲು ಒಪ್ಪದಿದ್ದರೆ ಮೇಲಧಿಕಾರಿಗೆ ಬರವಣಿಗೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು.

ಎರಡನೆಯದರಲ್ಲಿ ಸಂವಿಧಾನದ 22ನೆಯ ವಿಧಿಯೇ ನೇರವಾಗಿ ಬರುತ್ತದೆ. ಬಂಧನದ ಕಾರಣ ತಿಳಿಸಬೇಕು. ತನಗಿಷ್ಟವಾದ ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದಿದ್ದರೆ ಕಾನೂನು ನೆರವು ಕೇಳಬಹುದು.

ಮೂರನೆಯದರಲ್ಲಿ ಪೊಲೀಸ್ ಠಾಣೆ ಒಂದು ಬಾಗಿಲು ಮಾತ್ರ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಮನೆ ಗಂಡನ ಹೆಸರಿನಲ್ಲೇ ಇದ್ದರೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ತಕ್ಷಣದ ನೆರವಿಗೆ 112, ಮಹಿಳಾ ಸಹಾಯವಾಣಿ 181.

ನಾಲ್ಕನೆಯದಕ್ಕೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯಾಗಿದ್ದು, ಮಗ ನೋಡಿಕೊಳ್ಳದಿದ್ದರೆ, ಅದನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯನ್ನು ಕೇಳಬಹುದು. ಷರತ್ತನ್ನು ಪತ್ರದಲ್ಲೇ ಬರೆಸಿದ್ದರೆ ಅಜ್ಜನ ಕೈ ಬಲವಾಗಿರುತ್ತದೆ.

ತಪ್ಪಾದದ್ದು ಐದನೆಯ ಚೀಟಿಯಲ್ಲಿ

ಐದನೆಯ ಗುಂಪಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ನಮ್ಮಜ್ಜಿಗೆ ಮದುವೆ ಆಗಿ ನಲವತ್ತು ವರ್ಷದ ಮೇಲಾಯ್ತು. ಅವ್ರಿಗೂ ಪಾಲು ಇರುತ್ತಾ? ಗುರುವಾರ ಸೈನ್ ಮಾಡಕ್ಕೆ ಬರ್ಬೇಕು ಅಂತ ತಾತ ಫೋನ್ ಮಾಡಿದ್ರು.”

ಪ್ರಶಿಕ್ಷಣಾರ್ಥಿ ತಡವರಿಸಲಿಲ್ಲ. “1994ಕ್ಕಿಂತ ಮುಂಚೆ ಮದುವೆ ಆಗಿದ್ರೆ ಪಾಲು ಬರಲ್ಲಮ್ಮ” ಎಂದರು. ನಾನು ವೀಕ್ಷಣಾ ಪುಸ್ತಕದಲ್ಲಿ ‘ವಿದ್ಯಾರ್ಥಿಯ ಪ್ರಶ್ನೆಗೆ ಸ್ಪಷ್ಟ ಉತ್ತರ’ ಎಂದು ಬರೆದೆ. ಅಂದು ಸೋಮವಾರ.

ಸಂಜೆ ವೀಕ್ಷಣೆ ಬರೆದು ಮುಗಿಸುವಾಗ ಆ ‘1994’ ಮನಸ್ಸಿನಲ್ಲಿ ಕೊರೆಯತೊಡಗಿತು. ಪ್ರಶಿಕ್ಷಣಾರ್ಥಿಯ ಟಿಪ್ಪಣಿ ನೋಡಿದೆ. ಅದು ಹಳೆಯ ಮಾರ್ಗದರ್ಶಿಯೊಂದರಿಂದ ಎತ್ತಿಕೊಂಡದ್ದು. ಪರಿಚಯದ ವಕೀಲರೊಬ್ಬರಿಗೆ ಫೋನ್ ಮಾಡಿ ಕೇಳಿದಾಗ ತಪ್ಪು ಎಲ್ಲಿದೆಯೆಂದು ತಿಳಿಯಿತು. ಅವರು ಹೇಳಿದ್ದನ್ನು ಕಾಯ್ದೆಯ ಪಠ್ಯದೊಂದಿಗೆ ಹೋಲಿಸಿ ನೋಡಿದೆವು. ಈ ವಿಷಯ ಕಲಿಸುವವರಿಗೆಲ್ಲ ಬೇಕಾದ್ದರಿಂದ ಕ್ರಮವಾಗಿ ಬರೆಯುತ್ತೇನೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ, ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ, ಅವರು ಉಯಿಲು ಬರೆಯದೆ ತೀರಿಕೊಂಡರೆ, ಮಗನಷ್ಟೇ ಪಾಲು ಮಗಳಿಗೂ ಇತ್ತು. ಮದುವೆ ಆಗಿದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಿಗೇ ಇತ್ತು. ಕರ್ನಾಟಕವು ತಿದ್ದುಪಡಿ ತಂದು 1994ರ ಜುಲೈ 30ರಿಂದ ಈ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನಮ್ಮ ಪ್ರಶಿಕ್ಷಣಾರ್ಥಿ ಓದಿದ್ದು ಇಲ್ಲಿಯವರೆಗೆ.

2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಅದರಲ್ಲಿ ಮದುವೆಯ ದಿನಾಂಕದ ಮಾತೇ ಇಲ್ಲ. ತಂದೆಯ ವಾಸದ ಮನೆಯನ್ನು ಪಾಲು ಮಾಡಿ ಎಂದು, ಗಂಡುಮಕ್ಕಳು ಪಾಲಾಗುವ ತನಕ, ಹೆಣ್ಣುಮಕ್ಕಳು ಕೇಳುವಂತಿಲ್ಲ ಎಂದಿದ್ದ 23ನೆಯ ಕಲಮನ್ನೂ ಅದೇ ತಿದ್ದುಪಡಿ ರದ್ದು ಮಾಡಿತು. ಮಗಳ ಹಕ್ಕು ಹುಟ್ಟಿನಿಂದ ಬರುವುದರಿಂದ, 2005ರ ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಪಾಲಾಗಿ ಮುಗಿದಿದ್ದರೆ ಅದನ್ನು ಮತ್ತೆ ತೆರೆಯುವಂತಿಲ್ಲ.

ಅಂದರೆ ಆ ಅಜ್ಜಿಗೆ ಪಾಲು ಇದ್ದೇ ಇದೆ ಎಂದೂ ನಾವು ಹೇಳುವಂತಿರಲಿಲ್ಲ. ಮನೆ ಸ್ವಯಾರ್ಜಿತವೋ ಪಿತ್ರಾರ್ಜಿತವೋ, ಉಯಿಲು ಇದೆಯೋ, ಮೊದಲೇ ಪಾಲುಪತ್ರ ಆಗಿದೆಯೋ, ಇವನ್ನೆಲ್ಲ ಕಾಗದ ನೋಡಿದವರೇ ಹೇಳಬೇಕು. ಆದರೆ ‘ಪಾಲು ಬರಲ್ಲ’ ಎಂಬ ಮಾತು ಖಂಡಿತವಾಗಿ ತಪ್ಪು. ಅದು ತರಗತಿಯಿಂದ ಹೊರಟು, ಗುರುವಾರ ಸಹಿ ಹಾಕಬೇಕಾದ ಒಬ್ಬ ಹೆಂಗಸಿನ ಕಿವಿಯನ್ನು ತಲುಪಿತ್ತು. ಹಕ್ಕು ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ಅದನ್ನು ತಿರುಗಿಸುವುದು ಸುಲಭವಲ್ಲ. ಮೋಸ, ಒತ್ತಾಯಗಳನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು, ಅದಕ್ಕೂ ಕಾಲಮಿತಿ ಇದೆ.

ತಿದ್ದಿದ ಬಗೆ

ಮಂಗಳವಾರ ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿ ಅರ್ಧ ಅವಧಿ ಪಡೆದೆವು. ಹುಡುಗಿಯನ್ನು ಮಾತ್ರ ಕರೆದು ಹೇಳೋಣ ಎಂದು ಪ್ರಶಿಕ್ಷಣಾರ್ಥಿ ಅಂದರು. ನಾನು ಬೇಡವೆಂದೆ. ತಪ್ಪು ಹೇಳಿದ್ದು ಇಡೀ ತರಗತಿಗೆ, ತಿದ್ದಬೇಕಾದ್ದೂ ಇಡೀ ತರಗತಿಗೆ. ಜೊತೆಗೆ, ಒಬ್ಬಳನ್ನೇ ಕರೆದರೆ ಅವಳ ಮನೆಯ ವಿಷಯ ಉಳಿದ ಮಕ್ಕಳ ಬಾಯಿಗೆ ಬೀಳುತ್ತದೆ.

“ನಿನ್ನೆ ನಾನು ಐದನೇ ಚೀಟಿಗೆ ಹೇಳಿದ್ದು ತಪ್ಪು. ಹಳೇ ಪುಸ್ತಕ ನೋಡಿ ಹೇಳಿಬಿಟ್ಟೆ” ಎಂದು ಪ್ರಶಿಕ್ಷಣಾರ್ಥಿ ಪ್ರಾರಂಭಿಸಿದರು. 1956, 1994, 2005, 2020 ಎಂದು ಹಲಗೆಯ ಮೇಲೆ ಕಾಲರೇಖೆ ಬರೆದು, ಕಾನೂನು ಹೇಗೆ ಬದಲಾಯಿತೆಂದು ತೋರಿಸಿದರು. ತರಗತಿಯಲ್ಲಿ ಮುಸ್ಲಿಂ, ಕ್ರೈಸ್ತ ಮಕ್ಕಳೂ ಇದ್ದುದರಿಂದ, ಈ ಕಾಯ್ದೆ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಅನ್ವಯಿಸುತ್ತದೆ, ಉಳಿದವರಿಗೆ ಬೇರೆ ಉತ್ತರಾಧಿಕಾರ ಕಾನೂನುಗಳಿವೆ, ಅವುಗಳಲ್ಲೂ ಹೆಣ್ಣುಮಕ್ಕಳಿಗೆ ಪಾಲಿದೆ ಎಂದರು.

ಬಳಿಕ ಎಲ್ಲರೂ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದುಕೊಂಡರು. ಮನೆಯಲ್ಲಿ ಗಟ್ಟಿಯಾಗಿ ಓದಿ, ದೊಡ್ಡವರೊಬ್ಬರ ಸಹಿ ಮಾಡಿಸಿಕೊಂಡು ಬರುವುದೇ ಮನೆಗೆಲಸ.

‘ಓದದೆ, ತಿಳಿಯದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಸಹಿಗೆ ಮುಂಚೆ ಕಾಗದದ ನಕಲು ಕೇಳುವುದು ತಪ್ಪಲ್ಲ. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ.’

ಕೊನೆಯ ಸಾಲು ನಮ್ಮ ಅನೇಕ ಅಧ್ಯಾಪಕರಿಗೂ ತಿಳಿದಿಲ್ಲ. ಉಚಿತ ನೆರವು ಬಡವರಿಗೆ ಮಾತ್ರ ಎಂದು ನಾವು ಕಲಿಸುತ್ತೇವೆ. 1976ರಲ್ಲಿ 42ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 39ಎ ವಿಧಿಯನ್ನು ಆಧರಿಸಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂತು. ಅದು 1995ರ ನವೆಂಬರ್ 9ರಂದು ಜಾರಿಯಾಯಿತು. ಅದರ 12ನೆಯ ಕಲಮಿನಲ್ಲಿ ಆದಾಯದ ಮಿತಿ ಒಂದು ಬಾಬತ್ತು ಮಾತ್ರ. ಮೇಲೆ ಹೇಳಿದವರಿಗೆ ಆ ಮಿತಿ ಅನ್ವಯಿಸುವುದಿಲ್ಲ. ನೆರವೆಂದರೆ ಸಲಹೆಯಷ್ಟೇ ಅಲ್ಲ. ವಕೀಲರು, ನ್ಯಾಯಾಲಯದ ಶುಲ್ಕ, ಅರ್ಜಿ ಬರೆಸುವ ಖರ್ಚು ಎಲ್ಲವೂ ಸೇರುತ್ತದೆ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಕೌಟುಂಬಿಕ ನ್ಯಾಯಾಲಯ, ಮಧ್ಯಸ್ಥಿಕೆ ಕೇಂದ್ರಗಳೂ ಅಲ್ಲೇ ಇವೆ. ಚಾಮರಾಜಪೇಟೆಯಿಂದ ಇದು ದೂರವೇನಲ್ಲ.

ಮುಂದಿನ ವಾರ ಹುಡುಗಿ ತಾನಾಗಿಯೇ ಬಂದು ಹೇಳಿದಳು: “ಅಜ್ಜಿ ಗುರುವಾರ ಹೋಗ್ಲಿಲ್ಲ ಮಿಸ್. ಮೊದ್ಲು ಪೇಪರ್ ತೋರಿಸ್ರಪ್ಪ, ಆಮೇಲೆ ನೋಡೋಣ ಅಂದ್ರು.” ಮುಂದೇನಾಯಿತೆಂದು ನಾವು ಕೇಳಲಿಲ್ಲ. ಅದು ಅವರ ಮನೆಯ ವಿಷಯ.

ಅಂದು ಪ್ರಶಿಕ್ಷಣಾರ್ಥಿ ನನ್ನನ್ನು ಕೇಳಿದರು: “ಅಣ್ಣತಮ್ಮಂದಿರ ಮಧ್ಯೆ ನಾವೇ ಜಗಳ ತಂದಿಟ್ಟ ಹಾಗಾಯ್ತಾ ಸರ್?” ನ್ಯಾಯವಾದ ಪ್ರಶ್ನೆ. ನಾವು ಸಹಿ ಹಾಕಬೇಡಿ ಎನ್ನಲಿಲ್ಲ, ತಿಳಿದು ಹಾಕಿ ಎಂದೆವು. ತವರಿನ ಮೇಲಿನ ಪ್ರೀತಿಯಿಂದ ಆ ಅಜ್ಜಿ ತನ್ನ ಪಾಲನ್ನು ಬಿಟ್ಟುಕೊಟ್ಟರೂ ಕೊಡಬಹುದು. ಅದು ಅವರ ಇಷ್ಟ. ಆದರೆ ಇದ್ದದ್ದನ್ನು ಬಿಟ್ಟುಕೊಡುವುದು ಬೇರೆ, ಏನೂ ಇಲ್ಲವೆಂದು ನಂಬಿ ಸಹಿ ಹಾಕುವುದು ಬೇರೆ.

ಮೌಲ್ಯಮಾಪನದಲ್ಲಿ ಕಂಡದ್ದು

ಘಟಕ ಪರೀಕ್ಷೆಯಲ್ಲಿ ‘ನ್ಯಾಯಾಲಯಗಳ ಶ್ರೇಣಿಯನ್ನು ಬರೆಯಿರಿ’ ಎಂಬುದರ ಜೊತೆಗೆ ಹೊಸ ಪ್ರಸಂಗವೊಂದನ್ನು ಕೊಟ್ಟು ‘ಮೊದಲು ಎಲ್ಲಿಗೆ ಹೋಗುವಿರಿ? ಏಕೆ?’ ಎಂದು ಕೇಳಿದೆವು. ಆಸ್ತಿಯ ಪ್ರಸಂಗಕ್ಕೂ ‘ಪೊಲೀಸ್ ಠಾಣೆ’ ಎಂದು ಬರೆದವರು ಆಗಲೂ ಕೆಲವರಿದ್ದರು. ಆಸ್ತಿ ಯಾರದೆಂದು ತೀರ್ಮಾನಿಸುವ ಅಧಿಕಾರ ಪೊಲೀಸರಿಗಿಲ್ಲ, ಅದು ಸಿವಿಲ್ ನ್ಯಾಯಾಲಯದ್ದು ಎಂಬ ಅಂಶಕ್ಕೆ ಇನ್ನೂ ಒಂದು ಚಟುವಟಿಕೆ ಬೇಕು. ಲೋಕ ಅದಾಲತ್ತಿನ ಬಗ್ಗೆಯೂ ಮಕ್ಕಳಿಗೆ ಗೊಂದಲವಿತ್ತು. ಅಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ರಾಜಿ. ಆದರೆ ಒಪ್ಪಿ ತೀರ್ಮಾನವಾದ ಮೇಲೆ ಅದರ ಮೇಲೆ ಮೇಲ್ಮನವಿ ಇಲ್ಲ. ಈ ಎರಡನ್ನೂ ಒಟ್ಟಿಗೇ ಹೇಳಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ಕಾನೂನಿನ ಪಾಠಕ್ಕೆ ಹಳೆಯ ಮಾರ್ಗದರ್ಶಿಯನ್ನು ನೆಚ್ಚಬೇಡಿ. ಕಾಯ್ದೆಯ ಹೆಸರಿನ ಮುಂದೆ ‘ಕೊನೆಯ ತಿದ್ದುಪಡಿ ಯಾವಾಗ?’ ಎಂದು ಪಾಠ ಯೋಜನೆಯಲ್ಲೇ ಬರೆದುಕೊಳ್ಳಿ.

2. ‘ನಿಮ್ಮ ಮನೆಯಲ್ಲಿ ಇಂಥದ್ದು ಆಗಿದೆಯಾ?’ ಎಂದು ತರಗತಿಯಲ್ಲಿ ಕೇಳಬೇಡಿ. ಚೀಟಿಯ ಪ್ರಸಂಗ ‘ಪಕ್ಕದ ಮನೆ’ಯದ್ದಾಗಿರಲಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಂಡು, ತರಗತಿ ಶಿಕ್ಷಕರಿಗೆ ತಿಳಿಸಿ. ಮಗುವೇ ಅಪಾಯದಲ್ಲಿದ್ದರೆ 1098.

3. ಮಗು ನಿಜವಾದ ಪ್ರಶ್ನೆ ಕೇಳಿದಾಗ ‘ಇದಕ್ಕೆ ಕಾಗದ ನೋಡಿದ ವಕೀಲರೇ ಉತ್ತರ ಹೇಳಬೇಕು, ಅವರು ಸಿಗುವುದು ಇಲ್ಲಿ’ ಎನ್ನುವುದು ಪೂರ್ಣ ಉತ್ತರ. ಅದಕ್ಕೆ ಅಂಕ ಕಳೆಯುವುದಿಲ್ಲ.

4. ತಪ್ಪು ಹೇಳಿದ್ದು ತಿಳಿದರೆ ಮರುದಿನವೇ, ಅದೇ ತರಗತಿಯ ಮುಂದೆ, ತಪ್ಪು ಎಂಬ ಪದವನ್ನೇ ಬಳಸಿ ತಿದ್ದಿ.

ಐದನೆಯ ಸೂಚನೆ ನನ್ನಂಥ ವೀಕ್ಷಕರಿಗೆ. ಧ್ವನಿ, ಹಲಗೆ ಕೆಲಸ, ಸಮಯಪಾಲನೆಗಳನ್ನು ನಾವು ಸೂಕ್ಷ್ಮವಾಗಿ ಗಮನಿಸುತ್ತೇವೆ. ಹೇಳಿದ ವಿಷಯ ಇಂದಿಗೂ ನಿಜವೇ ಎಂದು ನೋಡುವುದನ್ನು ಬಿಟ್ಟುಬಿಡುತ್ತೇವೆ. ಆ ಸೋಮವಾರದ ವೀಕ್ಷಣಾ ಪುಸ್ತಕದಲ್ಲಿ ‘ಸ್ಪಷ್ಟ ಉತ್ತರ’ ಎಂಬುದರ ಮೇಲೆ ಗೆರೆ ಎಳೆದು, ‘ಸ್ಪಷ್ಟ, ಆದರೆ ತಪ್ಪು, ವೀಕ್ಷಕರಿಗೂ ತಿಳಿದಿರಲಿಲ್ಲ’ ಎಂದು ಬರೆದು ಸಹಿ ಹಾಕಿದ್ದೇನೆ.