ಸಂದರ್ಶನದಲ್ಲಿ ಕೇಳುವ ‘ಸಹೋದ್ಯೋಗಿಯೊಡನೆ ಮನಸ್ತಾಪ’ದ ಪ್ರಶ್ನೆ

ಕೇಂದ್ರ ಸರ್ಕಾರದ ‘ಸಿ’ ಗುಂಪಿನ ಹಾಗೂ ‘ಬಿ’ ಗುಂಪಿನ ಪತ್ರಾಂಕಿತವಲ್ಲದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನ ರದ್ದಾಗಿದೆ. ಆದರೆ ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ ಹುದ್ದೆಗೆ ಇಂದಿಗೂ ಸಂದರ್ಶನವಿದೆ. ಖಾಸಗಿ ಕಾರ್ಖಾನೆಗಳಲ್ಲಂತೂ ಅದೇ ಮುಖ್ಯ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಯುವಜನರು ತೆಂಗಿನ ಪುಡಿ ಘಟಕಗಳಿಂದ ಹಿಡಿದು ವಸಂತನರಸಾಪುರ ಕೈಗಾರಿಕಾ ಪ್ರದೇಶದವರೆಗೆ ಕೆಲಸ ಅರಸಿ ಹೋದಾಗ ಎದುರಾಗುವ ಪ್ರಶ್ನೆಗಳಲ್ಲಿ ಇದೂ ಒಂದು: “ಜೊತೆಯವರೊಡನೆ ಭಿನ್ನಾಭಿಪ್ರಾಯ ಬಂದಾಗ ಹೇಗೆ ಬಗೆಹರಿಸಿದಿರಿ?”

“ನನಗೆ ಯಾರ ಜೊತೆಗೂ ಜಗಳ ಆಗಿಲ್ಲ ಸರ್” ಎಂಬುದು ಸಾಮಾನ್ಯ ಉತ್ತರ. ಮನೆಯ ಮಾತನ್ನು ಹೊರಗಿನವರ ಮುಂದೆ ಆಡಬಾರದೆಂಬ ಗ್ರಾಮೀಣ ಸಂಸ್ಕಾರದಿಂದ ಬಂದ ಮಾತಿದು, ತಪ್ಪೇನಲ್ಲ. ಆದರೆ ಕೇಳುವವರಿಗೆ ಅಭ್ಯರ್ಥಿಯು ನಾಲ್ವರೊಡನೆ ದುಡಿದಿಲ್ಲ, ಇಲ್ಲವೇ ಮುಚ್ಚಿಡುತ್ತಿದ್ದಾರೆ ಎಂಬ ಭಾವನೆ ಬರುತ್ತದೆ. ಇನ್ನು ಕೆಲವರು ಎದುರಾಳಿಯನ್ನು ದೂರುತ್ತಲೇ ಸಮಯ ಕಳೆಯುತ್ತಾರೆ. ಅದು ಇನ್ನೂ ಕೆಟ್ಟದ್ದು.

ತೆಂಗಿನ ಪುಡಿ ಘಟಕವೊಂದರಲ್ಲಿ ತೂಕ ಬರೆದುಕೊಳ್ಳುವ ಕೆಲಸ ಮಾಡಿದ ಯುವತಿಯೊಬ್ಬಳು ಸಂದರ್ಶನಕ್ಕೆ ಹೋಗಿದ್ದಾಳೆ ಎಂದು ಭಾವಿಸೋಣ. ಕಾಯಿಯ ಕಂದು ಸಿಪ್ಪೆ ಹೆರೆಯುವವರಿಗೆ ಅಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ. ಆಕೆ ಹೀಗೆ ಉತ್ತರಿಸಬಹುದು:

“ನಾನು ತೂಕ ಕಡಿಮೆ ಬರೆಯುತ್ತೇನೆಂದು ಹಿರಿಯರಾದ ಒಬ್ಬ ಅಕ್ಕ ಎಲ್ಲರ ಮುಂದೆ ಕೂಗಾಡಿದರು. ಆಗ ಎದುರು ಮಾತಾಡಲಿಲ್ಲ. ಟೀ ಬಿಡುವಿನಲ್ಲಿ ‘ಬನ್ನಿ ಅಕ್ಕಾ, ಇಬ್ಬರೂ ಸೇರಿ ನೋಡೋಣ’ ಎಂದು ಖಾಲಿ ಬುಟ್ಟಿಗಳನ್ನು ತೂಗಿಸಿದೆ. ನಾವು ಎಲ್ಲಾ ಬುಟ್ಟಿಗೂ ಒಂದೇ ತೂಕ ಕಳೆಯುತ್ತಿದ್ದೆವು. ಅವರ ಬುಟ್ಟಿ ಹಗುರವಿತ್ತು. ಅವರ ಮಾತು ನಿಜವಾಗಿತ್ತು. ಮೇಲ್ವಿಚಾರಕರಿಗೆ ತಿಳಿಸಿ, ಪ್ರತಿ ಬುಟ್ಟಿಯ ಮೇಲೂ ಅದರ ಖಾಲಿ ತೂಕವನ್ನು ಬಣ್ಣದಲ್ಲಿ ಬರೆಸಿದೆವು. ಆಮೇಲೆ ತಕರಾರು ಬರಲಿಲ್ಲ.”

ಈ ಉತ್ತರದಲ್ಲಿ ಸನ್ನಿವೇಶ, ಅಭ್ಯರ್ಥಿಯ ಹೊಣೆ, ಕೈಗೊಂಡ ಕ್ರಮ, ಫಲ ಎಂಬ ನಾಲ್ಕೂ ಇವೆ; ಹೆಚ್ಚು ಮಾತು ಸಂದಿರುವುದು ಕ್ರಮಕ್ಕೆ. ಹಿರಿಯಾಕೆಗೆ ಅಗೌರವವಾಗಿಲ್ಲ. ಇಬ್ಬರಲ್ಲಿ ಒಬ್ಬರು ಸೋಲಲೂ ಇಲ್ಲ. ಅಮೆರಿಕದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರಲ್ಲಿಯೇ ಇದನ್ನು ಗ್ರಂಥಾಲಯದ ಕಿಟಕಿಯ ಉದಾಹರಣೆಯಿಂದ ವಿವರಿಸಿದ್ದರು. ಒಬ್ಬರಿಗೆ ಕಿಟಕಿ ತೆರೆದಿರಬೇಕು, ಮತ್ತೊಬ್ಬರಿಗೆ ಗಾಳಿ ನೇರವಾಗಿ ಬಡಿಯಬಾರದು. ಪಕ್ಕದ ಕೋಣೆಯ ಕಿಟಕಿ ತೆರೆದಾಗ ಇಬ್ಬರ ಅಗತ್ಯವೂ ಪೂರೈಸಿತು. ಅರ್ಧ ಕಿಟಕಿ ತೆರೆಯುವ ರಾಜಿಗಿಂತ ಇದು ಮೇಲು.

ಎಲ್ಲವೂ ‘ಮನಸ್ತಾಪ’ವಲ್ಲ ಎಂಬುದನ್ನು ಸದಸ್ಯರು ವಿಶೇಷವಾಗಿ ಗಮನಿಸತಕ್ಕದ್ದು. ಜಾತಿ ನಿಂದನೆ, ಲೈಂಗಿಕ ಕಿರುಕುಳಗಳನ್ನು ಹೊಂದಿಕೊಂಡು ಸಹಿಸಿದೆನೆಂದು ಹೇಳುವಂತೆ ಯಾರಿಗೂ ಕಲಿಸಬಾರದು. ನಿಯಮಾನುಸಾರ ದೂರು ನೀಡಿದೆನೆಂಬುದೇ ಅಲ್ಲಿ ಯೋಗ್ಯ ಉತ್ತರ. 2013ರ ಕಾಯ್ದೆಯಂತೆ 10 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನರಿರುವ ಕೊಬ್ಬರಿ ಶೆಡ್ಡುಗಳಿಗೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಯೇ ದಾರಿ. ಘಟನೆಯಿಂದ ಮೂರು ತಿಂಗಳೊಳಗೆ ದೂರು ಸಲ್ಲಬೇಕು. ಇಂತಹವನ್ನು ಊರ ಹಿರಿಯರ ಮುಂದೆ ರಾಜಿ ಮಾಡಿಸುವ ರೂಢಿ ಸಲ್ಲದು.

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಂಜೆಯ ಹೊತ್ತು ಅಣಕು ಸಂದರ್ಶನ ನಡೆಸಲು ವಿಶೇಷ ವೆಚ್ಚವೇನೂ ಬೇಕಿಲ್ಲ. ಇಬ್ಬರು ಸದಸ್ಯರು ಪ್ರಶ್ನೆ ಕೇಳಲಿ. ಅಭ್ಯರ್ಥಿಯು ಎರಡು ನಿಮಿಷದೊಳಗೆ ತನ್ನದೇ ಅನುಭವ ಹೇಳಲಿ. ತೋಟಕ್ಕೆ ನೀರು ಬಿಡುವ ಸರದಿ, ಸ್ವಸಹಾಯ ಸಂಘದ ಲೆಕ್ಕ, ಹಾಲಿನ ಡೇರಿಯ ಸಾಲು ಯಾವುದಾದರೂ ಆದೀತು. ಬಾಯಿಪಾಠದ ಉತ್ತರವಾದರೆ “ಆಮೇಲೆ ಅವರು ಏನೆಂದರು?” ಎಂಬ ಮರುಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಆ ಮರುಪ್ರಶ್ನೆಯನ್ನು ಸದಸ್ಯರು ತಪ್ಪದೆ ಕೇಳಬೇಕು.